ತೊಡೆಯ ಮೇಲಿಟ್ಟ ಕೈ

ಚಿರಂಜೀವಿ ಮಗಳೇ,

ಮೊನ್ನೆ ದೆಹಲಿಯ ರಾಮಕೃಷ್ಣಪುರದ ಕರ್ನಾಟಕ ಸಂಘದಲ್ಲಿ ಆ ಹಿರಿಯ ಗಾಯಕಿ ತೋಡಿಯಲ್ಲಿ ಉಗಾಭೋಗ ಎತ್ತಿಕೊಂಡಾಗ ನೀನು ಪಿಯಾನೊದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕೀರ್ತನೆ ಶುರುವಾದ ಮೇಲಷ್ಟೇ ಮಂದ್ರದಲ್ಲಿ ಎರಡು ಸ್ವರ ಸೇರಿಸಿದೆ. ಅದನ್ನು ನೋಡಿದ್ದಕ್ಕೇ ಈ ಪತ್ರ.

ಬೆಳಿಗ್ಗೆ ಬಾಖ್, ಗುರುಗ್ರಾಮದ ಮದುವೆಯಲ್ಲಿ ಸಿನಿಮಾ ಹಾಡು, ನಮ್ಮಲ್ಲಿ ದೇವರನಾಮ. ಯಾವುದಾದರೂ ಒಂದನ್ನು ಹಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರಂತೆ. ನಾನು ಹೇಳಲಾರೆ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲದು, ತೂಗುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದರೆ ಮುಗಿಯಿತು, ಸ್ವರವನ್ನು ಬಾಗಿಸಲು ಬೆರಳಿಗೆ ದಾರಿಯಿಲ್ಲ. 88 ಕೀಗಳಲ್ಲೂ ಸಿಗದ್ದು ಯಾವುದು ಎಂದು ನಿನ್ನ ಕಿವಿಗೆ ಗೊತ್ತಾಗಿದೆ. ಅದು ಗೊತ್ತಿರುವವಳು ಹತ್ತು ಕಡೆ ನುಡಿಸಬಹುದು.

ನಮ್ಮ ಜಯಚಾಮರಾಜ ಒಡೆಯರು ಪಿಯಾನೊ ಕಲಾವಿದರಾಗಬೇಕೆಂದಿದ್ದವರು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡು, 21ನೇ ವಯಸ್ಸಿಗೆ ಪಟ್ಟ ಬಂತು; ವೇದಿಕೆಯ ಆಸೆ ಅಲ್ಲಿಗೆ ನಿಂತಿತು. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ರಷ್ಯದ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಇತ್ತ ವೀಣೆ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಆ ಕೃತಿಗಳಲ್ಲಿ ನನ್ನ ಕಿವಿಗೆ ಪಿಯಾನೊದ ನೆರಳೂ ಸಿಕ್ಕಿಲ್ಲ. ಎರಡನ್ನೂ ಅದರದರ ಮನೆಯಲ್ಲೇ ಕಲಿತವರು ಅವರು. ಕಲಬೆರಕೆಗೆ ಅವಸರ ಮಾಡಬೇಡ ಎಂದು ನಾನು ಹೇಳುವುದು ಇದಕ್ಕೇ.

ಸಂಪಾದನೆಯ ಮಾತು. ಪಕ್ಕವಾದ್ಯಕ್ಕೆ ಕೂರುವುದನ್ನು ಕೀಳೆಂದು ಎಣಿಸಬೇಡ. ಮೃದಂಗದವರನ್ನು ನಾವು ಹಾಗೆ ಕಾಣುತ್ತೇವೆಯೇ? ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಪಿಟೀಲಿನ ಮಕ್ಕಳಿಗೂ ಹಾಡುವ ಮಕ್ಕಳಿಗೂ ಸಾಮಾನ್ಯವಾಗಿ ಜೊತೆಗೆ ಪಿಯಾನೊ ಬೇಕಾಗುತ್ತದೆ. ನೋಡಿರದ ಸ್ವರಲಿಪಿಯನ್ನು ಮುಂದಿಟ್ಟೊಡನೆ ನುಡಿಸುವ ಅಭ್ಯಾಸ ದಿನಕ್ಕೆ ಅರ್ಧ ಗಂಟೆಯಾದರೂ ಇರಲಿ. ಚಾಣಕ್ಯಪುರಿಯ ದೆಹಲಿ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ವಿಚಾರಿಸು. ಸಂಭಾವನೆಯನ್ನು ಮೊದಲೇ ಬಾಯಿಬಿಟ್ಟು ಹೇಳು, ಸಂಕೋಚ ಬೇಡ. ಬಂದ ದುಡ್ಡಿನಲ್ಲಿ ಒಂದು ಪಾಲು ಶ್ರುತಿ ಮಾಡುವವರಿಗೆ ಎತ್ತಿಡು: ಈ ಊರಿನ ಮಳೆಗಾಲದ ತೇವಕ್ಕೆ ಪಿಯಾನೊದ ಹಲಗೆ ಉಬ್ಬಿ ಶ್ರುತಿ ಏರುತ್ತದೆ, ಚಳಿಯಲ್ಲಿ ಹೀಟರ್ ಹಾಕಿದ ಕೋಣೆ ಒಣಗಿದರೆ ಇಳಿಯುತ್ತದೆ.

ಆ ಗಾಯಕಿ ನಿನ್ನ ಬಗ್ಗೆ ಕೇಳಿದರು. ಭಾನುವಾರ ಮಧ್ಯಾಹ್ನ ತಂಬೂರಿ ಮೀಟುತ್ತಾ ಸಾಧನೆಗೆ ಕೂರುತ್ತಾರಂತೆ. ಅವರ ಮನೆಯಲ್ಲಿ ಪಿಯಾನೊ ಇಲ್ಲ. ಬರಿಗೈಯಲ್ಲೇ ಹೋಗು.

ನಿನ್ನ
ಮಾವ