ಮೊದಲು ವೈಸ್, ಆಮೇಲೆ ಲೇಥ್

ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಪುಟ್ಟ ವರ್ಕ್‌ಶಾಪ್ ಮಾಡಿಕೊಳ್ಳಬೇಕು, ಲೇಥ್ ತಂದು ಕೂರಿಸಬೇಕು ಅಂತ ಹೊರಟಿದ್ದೀಯ. ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೈಗಳಿಗೆ ಸಂಜೆ ಕಬ್ಬಿಣ, ಹಿತ್ತಾಳೆ ಮುಟ್ಟುವ ಆಸೆ ಬರುವುದು ಒಳ್ಳೆಯದೇ. ಟೂಲ್‌ರೂಮಿನಲ್ಲಿ ಆಯುಷ್ಯ ಕಳೆದವನ ಒಂದು ಮಾತು ಕೇಳು: ಲೇಥಿಗೆಂದು ಕೂಡಿಟ್ಟ ಹಣ ಇನ್ನೊಂದಷ್ಟು ತಿಂಗಳು ಬ್ಯಾಂಕಿನಲ್ಲೇ ಇರಲಿ. ಮೊದಲು ಒಂದು ಗಟ್ಟಿ ವೈಸ್ ತಾ.

ನಾಲ್ಕೋ ಐದೋ ಇಂಚಿನ ಬೆಂಚ್ ವೈಸ್ ಸಾಕು. ನೀನು ನಿಂತಾಗ ಅದರ ದವಡೆಯ ಮೇಲ್ಭಾಗ ನಿನ್ನ ಮೊಣಕೈ ಎತ್ತರಕ್ಕೆ ಬರಬೇಕು. ಕೆಳಗಾದರೆ ಬೆನ್ನು ಹೋಗುತ್ತದೆ, ಮೇಲಾದರೆ ಅರದ ಮೇಲೆ ಭಾರ ಬೀಳುವುದಿಲ್ಲ. ಮೇಜನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿ. ಜೊತೆಗೆ ಹನ್ನೆರಡು ಇಂಚಿನ ಒರಟು ಅರ, ಹತ್ತು ಇಂಚಿನ ಮಧ್ಯಮ ಅರ, ಒಂದು ನಯ ಅರ, ಹ್ಯಾಕ್‌ಸಾ, ಟ್ರೈ ಸ್ಕ್ವೇರ್, ಸ್ಕ್ರೈಬರ್, ಸೆಂಟರ್ ಪಂಚ್. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸು, ಹರಿತ ಸ್ವಲ್ಪ ಕಳೆದ ಮೇಲೆ ಉಕ್ಕಿಗೆ ಇಳಿಸು. ಉಕ್ಕು ಉಜ್ಜಿದ ಅರ ಆಮೇಲೆ ಹಿತ್ತಾಳೆಯ ಮೇಲೆ ಜಾರುತ್ತದೆ, ಕಚ್ಚುವುದಿಲ್ಲ.

ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಮೊದಲು ಕೊಡುವ ಕೆಲಸವನ್ನೇ ನೀನೂ ಮಾಡು. ಒಂದು ಎಂಎಸ್ ಫ್ಲ್ಯಾಟ್ ಕತ್ತರಿಸಿ, ಅರದಲ್ಲೇ 50 ಮಿ.ಮೀ. ಚೌಕ ತೆಗೆ. ಟ್ರೈ ಸ್ಕ್ವೇರ್ ಹಿಡಿದು ಬೆಳಕಿಗೆ ಎತ್ತಿ ನೋಡಿದರೆ ಸಂದಿನಲ್ಲಿ ಎಲ್ಲೂ ಬೆಳಕು ಇಣುಕಬಾರದು. ಮೊದಲ ಸಲ ಅಂಚು ದೋಣಿಯ ತಳದಂತೆ ಉಬ್ಬಿಕೊಳ್ಳುತ್ತದೆ, ಎಲ್ಲರಿಗೂ ಹಾಗೆಯೇ. ಅರ ಮುಂದಕ್ಕೆ ಹೋಗುತ್ತಿದ್ದಂತೆ ಎಡಗೈ ಭಾರ ಇಳಿಸುತ್ತಾ ಬಲಗೈ ಭಾರ ಏರಿಸುತ್ತಾ ಬರಬೇಕು. ಅದು ಕೈಗೆ ಹತ್ತಲು ವಾರಗಳು ಬೇಕು. ಆ ವಾರಗಳಲ್ಲಿ ಲೋಹದ ಗಡಸುತನ ನಿನ್ನ ಅಂಗೈಗೆ ಪರಿಚಯವಾಗುತ್ತದೆ. ಮುಂದೆ ಲೇಥಿನ ಟೂಲ್ ಸರಿಯಾಗಿ ಕಚ್ಚುತ್ತಿಲ್ಲ ಅಂತ ಸದ್ದಿನಿಂದಲೇ ಗೊತ್ತಾಗುವುದು ಹೀಗೆ ಪಳಗಿದವರಿಗೆ.

ಅಳತೆಯ ಉಪಕರಣಕ್ಕೆ ಮಾತ್ರ ಜಿಪುಣತನ ಬೇಡ. 0.02 ಮಿ.ಮೀ. ತೋರಿಸುವ ವರ್ನಿಯರ್ ಕ್ಯಾಲಿಪರ್, 0ದಿಂದ 25 ಮಿ.ಮೀ.ವರೆಗಿನ ಮೈಕ್ರೋಮೀಟರ್, ಮ್ಯಾಗ್ನೆಟಿಕ್ ಸ್ಟ್ಯಾಂಡಿನೊಂದಿಗೆ ಒಂದು ಡಯಲ್ ಗೇಜ್, ಇಷ್ಟನ್ನು ಒಳ್ಳೆಯ ಕಂಪನಿಯದೇ ಕೊಳ್ಳು. ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ ಎರಡು ಶತಮಾನದ ಹಿಂದೆಯೇ ತನ್ನ ಕಾರ್ಖಾನೆಯಲ್ಲಿ ಒಂದು ಬೆಂಚ್ ಮೈಕ್ರೋಮೀಟರ್ ಇಟ್ಟುಕೊಂಡಿದ್ದ. ಅಳತೆಯ ಜಗಳ ಬಂದರೆ ಅದು ಹೇಳಿದ್ದೇ ಕೊನೆಯ ತೀರ್ಪು, ಹಾಗಾಗಿ ಅದಕ್ಕೆ 'ಲಾರ್ಡ್ ಚಾನ್ಸೆಲರ್' ಅಂತಲೇ ಹೆಸರು. ಮುಂದೆ ಸ್ಕ್ರೂ ಹಲ್ಲುಗಳಿಗೆ ಒಂದೇ ಮಾನ ತಂದ ಜೋಸೆಫ್ ವಿಟ್‌ವರ್ತ್ ಕೂಡ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವನೇ. ನಿನ್ನ ಶೆಡ್ಡಿನಲ್ಲೂ ಅಂಥ ಒಬ್ಬ ನ್ಯಾಯಾಧೀಶ ಇರಲಿ. ಇನ್ನೊಂದು ನೆನಪಿಡು: 100 ಮಿ.ಮೀ. ಉಕ್ಕಿನ ತುಂಡು 10 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಬೆಳೆಯುತ್ತದೆ. ಈಗಷ್ಟೇ ಟರ್ನಿಂಗ್ ಮಾಡಿದ ಬಿಸಿ ಜಾಬನ್ನು ಅಳೆದು ಕೊನೆಯ ಕಟ್ ಕೊಟ್ಟರೆ, ತಣ್ಣಗಾದ ಮೇಲೆ ಅದು ಸಣ್ಣದಾಗಿರುತ್ತದೆ. ಟೀ ಕುಡಿದು ಬಂದು ಅಳೆ.

ಇಷ್ಟಾದ ಮೇಲೂ ಆಸೆ ಆರದಿದ್ದರೆ ಲೇಥ್ ನೋಡಲು ಹೊರಡೋಣ. ಕೈಯಲ್ಲಿರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರಕ್ಕೆ ಸುರಿಯಬೇಡ. ಫೋರ್ ಜಾ ಚಕ್, ಡ್ರಿಲ್ ಚಕ್, ರಿವಾಲ್ವಿಂಗ್ ಸೆಂಟರ್, ಬೋರಿಂಗ್ ಬಾರ್, ಬೆಂಚ್ ಗ್ರೈಂಡರ್, ಟ್ಯಾಪು, ಡೈ ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವಿಲ್ಲದ ಲೇಥ್ ಬರೀ ಜಾಗ ತಿನ್ನುತ್ತದೆ. ಮಹಡಿ ಮನೆಯವರಾದರೆ ಇಬ್ಬರು ಎತ್ತಬಲ್ಲ ಮಿನಿ ಲೇಥೇ ಗತಿ. ತಂದ ಕೂಡಲೇ ಬಿಚ್ಚಿ, ಒರೆಸಿ, ಗಿಬ್‌ಗಳನ್ನು ಸರಿಮಾಡಿಕೊಂಡರೆ ಅದೂ ಸಣ್ಣ ಕೆಲಸಕ್ಕೆ ಮೋಸ ಮಾಡದು. ನಿನಗೆ ನೆಲಮಟ್ಟದ ಶೆಡ್ ಇದೆಯಲ್ಲ, ಹಾಗಾಗಿ ಹಳೆಯ ಭಾರಿ ಯಂತ್ರ ಹುಡುಕು ಅನ್ನುತ್ತೇನೆ. ಬೀಡುಕಬ್ಬಿಣದ ತೂಕ ನಡುಕವನ್ನು ನುಂಗುತ್ತದೆ, ಕೆಲಸ ನುಣುಪಾಗಿ ಬರುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ 'ಎಂಟರ್‌ಪ್ರೈಸ್' ಲೇಥ್‌ಗಳು, 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿಯ ಲೇಥ್‌ಗಳು ಇನ್ನೂ ಎಷ್ಟೋ ಕಡೆ ದುಡಿಯುತ್ತಿವೆ. ಅವನ್ನು ನಮ್ಮ ಜನ ಕಟ್ಟಿದ್ದು; ಗುಜರಿಗೆ ಹೋಗುವ ಒಂದನ್ನು ನೀನು ಉಳಿಸಿದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಸಿಗದಿದ್ದರೆ ರಾಜ್‌ಕೋಟ್, ಬಟಾಲಾ ಕಡೆಯ ನಾಲ್ಕೂವರೆ ಅಡಿ ಬೆಡ್‌ನ ಹಗುರ ಲೇಥ್ ನೋಡಬಹುದು.

ಹಳೆಯದನ್ನು ನೋಡಲು ಹೋದಾಗ ಹೊಸ ಪೇಂಟಿಗೆ ಮರುಳಾಗಬೇಡ. ಹೆಚ್ಚಿನ ಕೆಲಸ ನಡೆಯುವುದು ಚಕ್ಕಿನ ಪಕ್ಕದಲ್ಲೇ, ಬೆಡ್ ಸವೆಯುವುದೂ ಅಲ್ಲೇ. ಸ್ಯಾಡಲ್ಲನ್ನು ಚಕ್ಕಿನ ಹತ್ತಿರ ತಂದು, ಅಲ್ಲಾಡದಷ್ಟು ಬಿಗಿಮಾಡಿಸಿ, ಟೇಲ್‌ಸ್ಟಾಕ್ ಕಡೆಗೆ ಸರಿಸು. ದಾರಿಯಲ್ಲಿ ಕಚ್ಚಿಕೊಂಡು ನಿಂತರೆ ಸವೆತ ಜೋರಾಗಿದೆ ಅಂತಲೇ ಅರ್ಥ; ಬೆಡ್ ಗ್ರೈಂಡ್ ಮಾಡಿಸುವ ಖರ್ಚಿನಲ್ಲಿ ಇನ್ನೊಂದು ಲೇಥ್ ಹುಡುಕಬಹುದು. ಚಕ್ಕಿನಲ್ಲಿ ದಪ್ಪ ರಾಡ್ ಹಿಡಿದು ಮೇಲಕ್ಕೆ ಮೀಟಿ, ಸ್ಪಿಂಡಲ್ ಎಷ್ಟು ಏಳುತ್ತದೆಂದು ಡಯಲ್ ಗೇಜಿನಲ್ಲಿ ನೋಡು. ಕ್ರಾಸ್ ಸ್ಲೈಡಿನ ಹ್ಯಾಂಡಲ್ ಕಾಲು ಸುತ್ತು ಸಡಿಲವಿದ್ದರೆ ಹೆದರಬೇಡ, ಗನ್‌ಮೆಟಲ್ ನಟ್ ಹೊಸದು ಮಾಡಿಸಿದರಾಯಿತು. ಚೇಂಜ್ ಗೇರ್‌ಗಳು ಪೂರ್ತಿ ಇವೆಯೇ ಎಣಿಸು. ಲೀಡ್ ಸ್ಕ್ರೂ ಇಂಚಿನದಾಗಿದ್ದರೆ 127 ಹಲ್ಲಿನ ಗೇರ್ ಕೇಳು. ಒಂದು ಇಂಚೆಂದರೆ 25.4 ಮಿ.ಮೀ., ಅದರ ಐದು ಪಟ್ಟು 127, ಆ ಗೇರ್ ಇದ್ದರೆ ಮೆಟ್ರಿಕ್ ಥ್ರೆಡ್ ಕರಾರುವಾಕ್ಕಾಗಿ ಬರುತ್ತದೆ. ಮೂರು ಫೇಸ್ ಮೋಟಾರ್ ಅಂತ ಬಿಟ್ಟು ಬರಬೇಡ. ಒಂದೆರಡು ಎಚ್‌ಪಿಯದಾದರೆ ಡೆಲ್ಟಾ ಜೋಡಣೆಗೆ ಒಗ್ಗುತ್ತದೆಯೇ ಎಂದು ರಿವೈಂಡಿಂಗ್‌ನವರನ್ನು ಕೇಳಿ, ವಿಎಫ್‌ಡಿ ಹಾಕಿ ಮನೆಯ ಸಿಂಗಲ್ ಫೇಸ್‌ನಲ್ಲೇ ಓಡಿಸಬಹುದು. ಅರ್ಥಿಂಗ್ ಮಾತ್ರ ಸರಿಯಾಗಿರಲಿ.

ಕೂರಿಸಿದ ಮೇಲೆ ಬೆಡ್ ತಿರುಚಿಕೊಂಡಿಲ್ಲವೆಂದು ಪರೀಕ್ಷಿಸು. 25 ಮಿ.ಮೀ. ರಾಡನ್ನು ಚಕ್ಕಿನಲ್ಲಿ ಹಿಡಿದು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, 100 ಮಿ.ಮೀ. ಅಂತರದಲ್ಲಿ ಎರಡು ಬಳೆ ಉಳಿಸಿ ನಡುವೆ ತಗ್ಗು ಮಾಡು. ಎರಡೂ ಬಳೆಗೆ ಒಂದೇ ಸೆಟ್ಟಿಂಗಿನಲ್ಲಿ ಸಣ್ಣ ಕಟ್ ಕೊಟ್ಟು ಮೈಕ್ರೋಮೀಟರಿನಲ್ಲಿ ಅಳೆ. ವ್ಯತ್ಯಾಸ ಕಂಡರೆ ಟೇಲ್‌ಸ್ಟಾಕ್ ಕಡೆಯ ಕಾಲಿನಡಿ ತೆಳ್ಳನೆ ಶಿಮ್ ಕೊಡುತ್ತಾ ಎರಡನ್ನೂ ಸಮಕ್ಕೆ ತಾ.

ಟೂಲ್ ವಿಷಯದಲ್ಲಿ ಮೊದಲಿಗೆ ಎಚ್‌ಎಸ್‌ಎಸ್ ಬಿಟ್ ಸಾಕು, ಅದನ್ನು ನೀನೇ ಗ್ರೈಂಡ್ ಮಾಡುವುದು ಕಲಿ. 25 ಮಿ.ಮೀ. ಎಂಎಸ್ ರಾಡಿಗೆ ನಿಮಿಷಕ್ಕೆ ಸುಮಾರು 320 ಸುತ್ತು ಸರಿಯಾದ ವೇಗ. ರಾಡ್ ದಪ್ಪವಾದಷ್ಟೂ ಸುತ್ತು ಇಳಿಸು. ಕಾರ್ಬೈಡ್‌ಗೆ ವೇಗವೂ ಬೇಕು, ಯಂತ್ರದಲ್ಲಿ ಬಿಗಿಯೂ ಬೇಕು, ಅದು ಆಮೇಲಿನ ಮಾತು.

ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಚಕ್ ಕೀಯಿಂದ ಕೈ ತೆಗೆಯುವುದೆಂದರೆ ಚಕ್ಕಿನಿಂದ ಕೀ ತೆಗೆದಂತೆಯೇ ಆಗಬೇಕು. ತಿರುಗುವ ಯಂತ್ರದ ಮುಂದೆ ಗ್ಲೌಸ್ ಬೇಡವೇ ಬೇಡ. ಉಂಗುರ, ಕಡಗ, ಕೈಗೆ ಕಟ್ಟಿದ ದಾರ, ದುಪಟ್ಟಾ ಎಲ್ಲ ಹೊರಗೆ. ತುಂಬುತೋಳು ಮಡಿಸು, ಉದ್ದ ಕೂದಲು ಕಟ್ಟು. ಸುರುಳಿ ಚಿಪ್ಸ್ ಬ್ಲೇಡಿನಂತೆ ಕೊಯ್ಯುತ್ತದೆ, ಮೆಷಿನ್ ನಿಲ್ಲಿಸಿ ಕೊಕ್ಕೆಯಲ್ಲಿ ಎಳೆ. ತಿರುಗುವ ಜಾಬಿಗೆ ಎಮರಿ ಪಟ್ಟಿಯನ್ನು ಬೆರಳಲ್ಲಿ ಸುತ್ತಿ ಹಿಡಿಯಬೇಡ. ಕನ್ನಡಕ ಸದಾ ಇರಲಿ. ಮನೆಯಲ್ಲಿ ಮಕ್ಕಳಿದ್ದಾರೆ, ಮೇನ್ ಸ್ವಿಚ್ಚಿಗೆ ಬೀಗ ಹಾಕು.

ಮಳೆಗಾಲದಲ್ಲಿ ಬೆಡ್ಡಿಗೆ ಎಣ್ಣೆ ಸವರಿ ಹತ್ತಿಬಟ್ಟೆ ಹೊದಿಸು. ಪ್ಲಾಸ್ಟಿಕ್ ಹಾಳೆಯಡಿ ತೇವ ಕೂತು ತುಕ್ಕು ಹಿಡಿಯುತ್ತದೆ. ಆಯುಧಪೂಜೆಗೆ ಅರಿಶಿನ ಕುಂಕುಮವನ್ನು ಹೆಡ್‌ಸ್ಟಾಕಿನ ಪೇಂಟಿನ ಮೇಲೆ ಇಡು. ಬೆಡ್ ಮೇಲೆ ಒದ್ದೆ ಕುಂಕುಮ ಒಂದು ರಾತ್ರಿ ಇದ್ದರೂ ಕಲೆ ಉಳಿಯುತ್ತದೆ.

ಪುಟ್ಟ ಉಗಿ ಎಂಜಿನ್ ಮಾಡುವ ಕನಸು ಇದೆ ಅಂದೆಯಲ್ಲ, ಖಂಡಿತ ಮಾಡು. ಅದಕ್ಕೆ ಮೊದಲು ಒಂದು ಸೆಂಟರ್ ಪಂಚ್, ಒಂದು ಟ್ಯಾಪ್ ಹ್ಯಾಂಡಲ್, ಒಂದು ಸ್ಕ್ರೂ ಜಾಕ್ ಮಾಡಿಕೊ. ಮೂರೂ ಮುಂದೆ ನಿನಗೇ ಬೇಕಾಗುವ ಸಾಮಾನು, ಟರ್ನಿಂಗ್, ಡ್ರಿಲ್ಲಿಂಗ್, ಥ್ರೆಡ್ಡಿಂಗ್ ಎಲ್ಲ ಅವುಗಳಲ್ಲೇ ಬಂತು. ಎಂಜಿನ್ನಿಗೆ ಹಿತ್ತಾಳೆಯ ಸಿಲಿಂಡರ್ ಒಂದೇ ಸಾಕು, ವಾಲ್ವ್ ಇಲ್ಲದೆ ಸಿಲಿಂಡರೇ ತೂಗುವ ನಮೂನೆ. ಬಾಯ್ಲರ್‌ಗೆ ಈಗಲೇ ಕೈ ಹಾಕಬೇಡ, ಕಂಪ್ರೆಸರ್ ಗಾಳಿಯಲ್ಲೇ ಓಡಿಸು. ಸಿಲಿಂಡರ್ ಬೋರ್ ಮಾಡುವ ದಿನ ಫೋನ್ ಮಾಡು, ಬರುತ್ತೇನೆ.