ಅಂಗಡಿಗೆ ಬರುವ ಮಗು, ಮಾಲೀಕರಾದ ಅಪ್ಪ-ಅಮ್ಮ

ರಜೆ ಬಂತೆಂದರೆ ಬೇಕರಿ, ಗ್ಯಾರೇಜು, ಹಿಟ್ಟಿನ ಗಿರಣಿ ನಡೆಸುವ ಎಷ್ಟೋ ಮನೆಗಳಲ್ಲಿ ಮಕ್ಕಳೂ ಅಂಗಡಿಗೆ ಬರುತ್ತಾರೆ. ಚಿಲ್ಲರೆ ಲೆಕ್ಕ ಕಲಿಯುತ್ತಾರೆ, ಗಿರಾಕಿಗಳೊಡನೆ ಮಾತು ಕಲಿಯುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ನೀವು ಅಪ್ಪ-ಅಮ್ಮ ಮಾತ್ರವಲ್ಲ, ಆ ಜಾಗದ ಸುರಕ್ಷತೆಗೆ ಹೊಣೆಯಾದ ಮಾಲೀಕರೂ ಹೌದು.

ಕಾನೂನು ಏನನ್ನುತ್ತದೆ?

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಉದ್ಯಮಕ್ಕೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ನೆರವಾಗಬಹುದು. ಆದರೆ ಆ ಕೆಲಸ ಅಪಾಯದ್ದಾಗಿರಬಾರದು, ಓದಿಗೆ ತೊಡಕಾಗಬಾರದು. ಕೇಂದ್ರದ 2017ರ ನಿಯಮಗಳಂತೆ ದಿನಕ್ಕೆ 3 ಗಂಟೆ ಮೀರುವಂತಿಲ್ಲ, ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಹೇಳುವಂತಿಲ್ಲ. ಈ ವಿನಾಯಿತಿ ನಿಮ್ಮ ಕೆಲಸಗಾರರ ಮಗುವಿಗೆ, ಪಕ್ಕದ ಮನೆಯ ಹುಡುಗನಿಗೆ ಅನ್ವಯಿಸದು. 14ರಿಂದ 18 ವರ್ಷದವರನ್ನೂ ಸ್ಫೋಟಕ, ಬೇಗ ಹೊತ್ತಿಕೊಳ್ಳುವ ವಸ್ತುಗಳ ಕೆಲಸಕ್ಕೆ ಸೇರಿಸುವಂತಿಲ್ಲ.

ಮನೆಯವರ ಮೇಲೆ ನಂಬಿಕೆಯಿಟ್ಟು ಕಾನೂನು ಕೊಟ್ಟ ಅವಕಾಶ ಇದು. ನಿತ್ಯ ಬಂದು ನೋಡುವ ಅಧಿಕಾರಿ ಯಾರೂ ಇಲ್ಲ. ನೋಡಬೇಕಾದವರು ನೀವೇ.

ಎಲ್ಲಿ ಕಣ್ಣಿಡಬೇಕು?

ಗಿರಣಿಯ ಬೆಲ್ಟಿಗೆ ಜಾಲರಿ ಇಲ್ಲದಿದ್ದರೆ ದುಪಟ್ಟಾ, ಜಡೆ ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ಮೊದಲು ಜಾಲರಿ ಹಾಕಿಸಿ. ಹಿಟ್ಟು ನಾದುವ ಯಂತ್ರ, ಗ್ರೈಂಡರ್ ತೊಳೆಯುವಾಗ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು. ಈ ಕೆಲಸ ದೊಡ್ಡವರದು.

ವೆಲ್ಡಿಂಗ್ ಬೆಳಕನ್ನು ದೂರದಿಂದ ನೋಡಿದರೂ ಕಣ್ಣು ಸುಡುತ್ತದೆ. ಉರಿ, ನೀರು ಸುರಿಯುವುದು ಶುರುವಾಗುವುದು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ. ಹಾಗಾಗಿ ಮಗುವಿಗೆ ಕಾರಣವೇ ಹೊಳೆಯುವುದಿಲ್ಲ. ವೆಲ್ಡಿಂಗ್ ಜಾಗಕ್ಕೆ ಪರದೆ ಕಟ್ಟಿ.

ಥಿನ್ನರ್, ಆ್ಯಸಿಡ್, ಸೀಮೆಎಣ್ಣೆಯನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕಿಳಿಯಬಹುದು, ಗಂಟಲನ್ನು ಮತ್ತೊಮ್ಮೆ ಸುಡಬಹುದು. ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ, ಆಂಬುಲೆನ್ಸ್ ಬೇಕಾದರೆ 108ಕ್ಕೆ ಕರೆ ಮಾಡಿ.

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆಯೇ ಹರಡುತ್ತದೆ. ವಾಸನೆ ಬಂದೊಡನೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ 1906ಕ್ಕೆ ಕರೆ ಮಾಡಿ. ಸುಟ್ಟ ಗಾಯವನ್ನು 20 ನಿಮಿಷ ಹರಿಯುವ ನೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ.

ಪರರ ಮಕ್ಕಳೂ ಮಕ್ಕಳೇ

2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಓದಿನ ಖರ್ಚಿಗೆಂದು ತಮಿಳುನಾಡಿನಿಂದ ದುಡಿಯಲು ಬಂದ ವಿದ್ಯಾರ್ಥಿಗಳಿದ್ದರು. ಅವರನ್ನೂ ಯಾರೋ ಅಪ್ಪ-ಅಮ್ಮ ನಂಬಿ ಕಳಿಸಿದ್ದರು.

ತಿಂಗಳಿಗೊಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ಅಂಗಡಿಯನ್ನೊಮ್ಮೆ ಸುತ್ತಿ. ತೆರೆದ ವೈರು, ಕೈಗೆಟುಕುವ ಬ್ಲೇಡು, ಹೊರಬಾಗಿಲಿಗೆ ಅಡ್ಡವಿಟ್ಟ ಡಬ್ಬ ಕಾಣುತ್ತವೆ. ಅವನ್ನು ಅಂದೇ ಸರಿಪಡಿಸಿ. ಸ್ವಂತ ಮಗುವನ್ನು ದೂರವಿಡುವ ಯಂತ್ರದ ಮುಂದೆ ಇನ್ನೊಬ್ಬರ ಮಗುವನ್ನು ನಿಲ್ಲಿಸಬೇಡಿ.