ಬಿಟ್, ಬೈಟ್ ಮತ್ತು ವೇಗದ ಲೆಕ್ಕ

ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದ ಈಥರ್‌ನೆಟ್ ತಂತಿಯಲ್ಲಿ ಕಡತವೊಂದನ್ನು ಇಳಿಸಿಕೊಳ್ಳುವಾಗ ಗಣಕದ ಪರದೆಯ ಮೇಲಿನ ಅಂಕಿಯು ೧೨ನ್ನೂ ಮುಟ್ಟುವುದಿಲ್ಲ. ಮೋಸವಾಯಿತೆಂದು ದೂರುವ ಮೊದಲು ಮಾನಗಳನ್ನು ಪರೀಕ್ಷಿಸಬೇಕು.

ಸೊನ್ನೆಯೋ ಒಂದೋ ಎಂಬುದನ್ನಷ್ಟೇ ತಿಳಿಸುವ ಮಾಹಿತಿಯ ಮೂಲಮಾನವೇ ಬಿಟ್. ೧೯೪೮ರ ತನ್ನ ಪ್ರಸಿದ್ಧ ಲೇಖನದಲ್ಲಿ ಈ ಪದವನ್ನು ಬಳಸಿದ ಕ್ಲಾಡ್ ಶಾನನ್, ಅದನ್ನು ಸೂಚಿಸಿದವನು ಟ್ಯೂಕಿ ಎಂದು ಹೇಳಿದ್ದಾನೆ. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್. ವೇಗವನ್ನು ಬಿಟ್‌ಗಳಲ್ಲಿ ಹೇಳುವುದು ರೂಢಿ. ಕಡತದ ಗಾತ್ರವನ್ನಾದರೋ ಬೈಟ್‌ಗಳಲ್ಲಿ ಅಳೆಯುತ್ತಾರೆ. ಇಂಗ್ಲಿಷಿನ ಚಿಕ್ಕ 'ಬಿ' ಅಕ್ಷರವು ಬಿಟ್ಟನ್ನೂ ದೊಡ್ಡ 'ಬಿ' ಬೈಟನ್ನೂ ಸೂಚಿಸುತ್ತವೆ. ಎಂಟು ಪಟ್ಟಿನ ಭೇದವನ್ನು ಅಕ್ಷರದ ಆಕಾರವೊಂದಕ್ಕೇ ಒಪ್ಪಿಸಿದ್ದು ವಿವೇಕವೆಂದು ನನಗೆ ತೋರುವುದಿಲ್ಲ.

೧೦೦ನ್ನು ೮ರಿಂದ ಭಾಗಿಸಿದರೆ ೧೨.೫ ಮೆಗಾಬೈಟ್. ಉಳಿದ ಕೊರತೆ ಎಲ್ಲಿಯದು? ಮಾಹಿತಿಯು ತುಂಡುತುಂಡಾಗಿ ಸಾಗುತ್ತದೆ. ಸಾಮಾನ್ಯವಾಗಿ ಒಂದು ಪೂರ್ಣ ತುಂಡು ೧೫೩೮ ಬೈಟ್‌ಗಳಷ್ಟು ಕಾಲವನ್ನು ಆಕ್ರಮಿಸುತ್ತದೆ. ಅದರಲ್ಲಿ ವಿಳಾಸ, ತಪ್ಪಿನ ತನಿಖೆ, ತುಂಡುಗಳ ನಡುವಣ ಬಿಡುವು ಮುಂತಾದುವನ್ನು ಕಳೆದರೆ ಕಡತದ ಪಾಲಿಗೆ ಹೆಚ್ಚೆಂದರೆ ೧೪೬೦ ಉಳಿಯುತ್ತದೆ. ಆದ್ದರಿಂದ

೧೨.೫ × ೧೪೬೦ ÷ ೧೫೩೮ = ೧೧.೮೭ ಮೆಗಾಬೈಟ್.

ಇನ್ನೊಂದು ತೊಡಕುಂಟು. ಮೆಗಾ ಎಂದರೆ ಹತ್ತು ಲಕ್ಷ. ಆದರೆ ಕೆಲವು ಗಣಕಗಳು ೧೦೨೪ × ೧೦೨೪, ಎಂದರೆ ೧೦,೪೮,೫೭೬ ಬೈಟ್‌ಗಳನ್ನು ಮೆಗಾಬೈಟ್ ಎನ್ನುತ್ತವೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ೧೯೯೮ರಲ್ಲಿ ಇದಕ್ಕೆ ಮೆಬಿಬೈಟ್ ಎಂಬ ಬೇರೆ ಹೆಸರನ್ನೇ ಕೊಟ್ಟಿತು. ಆ ಮಾನದಲ್ಲಿ ಮೇಲಿನ ವೇಗವು ೧೧.೩೨ ಎಂದಾಗುತ್ತದೆ; ತಂತಿಯಲ್ಲಿ ಮಾತ್ರ ಏನೂ ಬದಲಾಗಿಲ್ಲ.

ಹಾಗಾದರೆ ೭೦೦ ಮೆಗಾಬೈಟ್ ಗಾತ್ರದ ಕಡತವು ಬರಲು ೭ ಸೆಕೆಂಡು ಸಾಲದು, ಸುಮಾರು ೫೯ ಸೆಕೆಂಡು ಬೇಕು.